ತೂತಿನ ಪಕ್ಕದ ಲೋಹ

ಪೈಪಿಗೆ ಒಂದು ಕವಲು ಕೂಡಿಸಬೇಕಾದರೆ ಮೊದಲು ಅದರ ಒಡಲಿಗೆ ತೂತು ಹಾಕಬೇಕು. ಒಳಗಿನ ನೀರು ಗೋಡೆಯನ್ನು ಸದಾ ಹೊರಕ್ಕೆ ನೂಕುತ್ತಿರುತ್ತದೆ. ತೂತಾದ ಕಡೆ ಅದನ್ನು ತಡೆಯುತ್ತಿದ್ದ ಲೋಹ ಹೋಯಿತು. ಅದರ ಪಾಲಿನ ಭಾರವೆಲ್ಲ ಅಂಚಿನವರ ತಲೆಗೆ. ಚಪ್ಪಟೆ ತಗಡನ್ನು ಒಂದು ದಿಕ್ಕಿಗೆ ಎಳೆದರೆ ದುಂಡು ತೂತಿನ ಅಂಚಿನಲ್ಲಿ ಸೆಳೆತ ಮೂರು ಪಟ್ಟಾಗುತ್ತದೆಂದು ಜರ್ಮನಿಯ ಕಿರ್ಷ್ 1898ರಲ್ಲೇ ಲೆಕ್ಕ ಹಾಕಿ ತೋರಿಸಿದ್ದ.

ಕವಲು ಓರೆಯಾದರೆ ಪಾಡು ಇನ್ನೂ ಕಷ್ಟ. 45 ಡಿಗ್ರಿ ಓರೆಯಲ್ಲಿ ತೂತು ಮೊಟ್ಟೆಯಂತೆ ಉದ್ದವಾಗುತ್ತದೆ, ಅದೂ ಪೈಪಿನ ಉದ್ದಕ್ಕೆ, ಸೆಳೆತ ಹೆಚ್ಚು ನೋಯಿಸುವ ದಿಕ್ಕಿಗೆ. ತಗಡಿನ ಲೆಕ್ಕದಲ್ಲೇ ಮೂರು ಹೋಗಿ ಸುಮಾರು 3.8 ಆಗುತ್ತದೆ. ಎರಡು ಪೈಪು ಸೇರುವ ಇಕ್ಕಟ್ಟಿನ ಮೂಲೆಯಲ್ಲಿ ಅದು ಮಡುಗಟ್ಟುತ್ತದೆ. ಹಾಗಿದ್ದರೆ ಓರೆಯಾಗಿ ಏಕೆ ಕೂಡಿಸುತ್ತಾರೆ? ನೀರಿಗೆ ತಿರುಗುವುದು ಸಲೀಸು. ಹರಿಯುವವನ ಸುಖಕ್ಕೆ ಬೆಸುಗೆಯವನು ನೋಯುತ್ತಾನೆ.

ಕಾರ್ಖಾನೆಯ ಪೈಪುಗಳಿಗೆಂದು ಅಮೆರಿಕದ ಮೆಕ್ಯಾನಿಕಲ್ ಎಂಜಿನಿಯರುಗಳ ಸಂಘ ಮಾಡಿದ ಬಿ31.3 ಎಂಬ ನಿಯಮಾವಳಿ ಇದಕ್ಕೆ ಒಂದು ದಾರಿ ಹೇಳುತ್ತದೆ: ಕಿತ್ತಷ್ಟು ಲೋಹವನ್ನು ತಿರುಗಿ ಕೊಡು. 45 ಡಿಗ್ರಿ ಓರೆಗೆ, ನೇರ ಕವಲಿಗೆ ಬೇಕಾದದ್ದರ ಸುಮಾರು 1.8 ಪಟ್ಟು ಕೊಡು. ಎಲ್ಲೋ ಕೊಟ್ಟರೆ ನಡೆಯದು. ತೂತಿನ ಸುತ್ತ ಗೆರೆ ಕೊರೆದ ವಲಯದೊಳಗೇ ಕೊಡಬೇಕು. ಒಂದು ಮಾರು ದೂರದಲ್ಲಿ ಪೈಪು ಎಷ್ಟೇ ದಪ್ಪಗಿರಲಿ, ಲೆಕ್ಕಕ್ಕಿಲ್ಲ. ಹಚ್ಚುವ ಪ್ಯಾಡಿನ ಲೋಹ ಮೂಲದ್ದಕ್ಕಿಂತ ದುರ್ಬಲವಾಗಿದ್ದರೆ ಅಷ್ಟರ ಮಟ್ಟಿಗೆ ಮುರಿದುಕೊಂಡು ಎಣಿಸಬೇಕು. ಹೆಚ್ಚು ಗಟ್ಟಿಯಾಗಿದ್ದರೂ ಹೆಚ್ಚಿನ ಅಂಕವಿಲ್ಲ. ನಮ್ಮ ಧರ್ಮಶಾಸ್ತ್ರಗಳಲ್ಲಿ ಪ್ರಾಯಶ್ಚಿತ್ತಕ್ಕೆ ಇಷ್ಟು ಖಂಡಿತವಾದ ಲೆಕ್ಕ ನಾನು ಕಂಡಿಲ್ಲ.

ಈ ಲೆಕ್ಕವನ್ನು ನರಸಾಪುರದ ಕೆರೆಯ ಏರಿಯ ಮೇಲೆ ನಿಂತು ಹಾಕಿ ನೋಡಬೇಕೆನಿಸುತ್ತದೆ. ವರ್ಷವಿಡೀ ಹರಿಯುವ ಹೊಳೆಯಿಲ್ಲದ ಜಿಲ್ಲೆ ಕೋಲಾರ. ಇಲ್ಲಿಯ ತರಕಾರಿ, ಹಾಲು, ಹಿಪ್ಪುನೇರಳೆಯ ರೂಪದಲ್ಲಿ ನೆಲದಡಿಯ ನೀರು ಬೆಂಗಳೂರಿಗೆ ಹೋಯಿತು. ಸಾವಿರ ಅಡಿ ದಾಟಿದ ಕೊಳವೆಬಾವಿಗಳನ್ನು ಕೊರೆದವರು ನಾವೇ ಎಂಬುದನ್ನೂ ಹೇಳಬೇಕು. ತೂತಿನ ಪಾಪ ಪೂರಾ ಪೇಟೆಯದ್ದಲ್ಲ. 2018ರಲ್ಲಿ ಕೋರಮಂಗಲ-ಚಲ್ಲಘಟ್ಟ ಕಣಿವೆಯ ಯೋಜನೆ ಬಂತು. ರಾಜಧಾನಿ ಬಳಸಿ ಬಿಟ್ಟ ನೀರನ್ನು ಎರಡು ಹಂತ ಶುದ್ಧಿ ಮಾಡಿ, ಪೈಪಿನಲ್ಲಿ ಮೇಲಕ್ಕೆತ್ತಿ, ಮೊದಲು ಲಕ್ಷ್ಮೀಸಾಗರಕ್ಕೆ, ಆಮೇಲೆ ಸರಣಿಯ ಕೆರೆಗಳಿಗೆ ಬಿಟ್ಟರು. ದಿನಕ್ಕೆ 440 ದಶಲಕ್ಷ ಲೀಟರಿನ ಯೋಜನೆ. ನರಸಾಪುರದ ಕೆರೆಯೂ ತುಂಬಿತು.

ಕೊಟ್ಟದ್ದು ಸರಿಯಾದ ಜಾಗದಲ್ಲೇ, ಇದನ್ನು ಒಪ್ಪಬೇಕು. ಬತ್ತಿದ ಬಾವಿಗಳ ಪಕ್ಕದಲ್ಲಿ ನೀರು ನಿಂತಿತು, ಎಷ್ಟೋ ಕೊಳವೆಬಾವಿಗಳು ಮತ್ತೆ ಬಾಯಿಬಿಟ್ಟವು. ಬೇರೆಲ್ಲೋ ರಸ್ತೆ ಮಾಡಿ, ಕೈಗೆ ಕಾಸಿಟ್ಟು, ಇದೇ ಪರಿಹಾರ ಎನ್ನುವುದಕ್ಕಿಂತ ಇದು ನೂರು ಪಾಲು ಮೇಲು. ಆದರೆ ಲೋಹದ ಗುಣವೂ ಲೆಕ್ಕಕ್ಕೆ ಬರಬೇಕಲ್ಲ. 2018ರ ಜುಲೈನಲ್ಲಿ ಲಕ್ಷ್ಮೀಸಾಗರದಲ್ಲಿ ನೊರೆ ಎದ್ದಿತು, ವಿಷಯ ನ್ಯಾಯಾಲಯದ ಮೆಟ್ಟಿಲೇರಿತು. ಈ ನೀರು ಅಂತರ್ಜಲಕ್ಕೆ ಇಂಗಲೆಂದೇ ಹೊರತು ನೇರವಾಗಿ ಎತ್ತಿ ಬಳಸಲಿಕ್ಕಲ್ಲ. ಹೋದದ್ದು ಕುಡಿಯುವ ನೀರು, ಬಂದದ್ದು ಅದಲ್ಲ. ಲೀಟರಿಗೆ ಲೀಟರು ಸರಿಹೋಯಿತೆಂದು ಯಾರಾದರೂ ಹೇಳಿದರೆ, ದುರ್ಬಲ ಪ್ಯಾಡನ್ನು ಪೂರ್ತಿ ಎಣಿಸಿದ ಹಾಗೆ. "ಏನೂ ಇಲ್ಲದ್ದಕ್ಕಿಂತ ವಾಸಿ ಅಲ್ಲವೇನಣ್ಣಾ" ಎನ್ನುವ ರೈತನ ಮಾತು ನಿಜ. ಆ ಮಾತು ಆಡುವ ಹಕ್ಕು ಅವನದು, ಕೊಟ್ಟವರದಲ್ಲ.

ಅದೇ ನಿಯಮಾವಳಿ ಇನ್ನೊಂದು ಸಣ್ಣ ಕೆಲಸ ಕಡ್ಡಾಯ ಮಾಡಿದೆ. ಹಚ್ಚಿದ ಪ್ಯಾಡಿನಲ್ಲಿ ಒಂದು ಚಿಕ್ಕ ಕಂಡಿ ಬಿಡಬೇಕು, ಇಕ್ಕಟ್ಟಿನ ಮೂಲೆಯಲ್ಲಲ್ಲ, ಪಕ್ಕದಲ್ಲಿ. ಅಡಿಯ ಬೆಸುಗೆ ಸೋರಿದರೆ ಅಲ್ಲಿಂದ ಹನಿ ಹೊರಬರಲಿ ಎಂದು. ಕೆರೆಯ ಕೆಳಗಿನ ಬಾವಿಗಳ ನೀರನ್ನು ತಿಂಗಳು ತಿಂಗಳು ಪರೀಕ್ಷಿಸಿ, ಫಲಿತಾಂಶವನ್ನು ಪಂಚಾಯಿತಿ ಗೋಡೆಗೆ ಕನ್ನಡದಲ್ಲಿ ಅಂಟಿಸಿದರೆ ಅದೇ ಆ ಕಂಡಿ. ಖರ್ಚು ಹೆಚ್ಚಿಲ್ಲ. ಪ್ಯಾಡಿಗೆ ಬಣ್ಣ ಬಳಿಯುವಾಗ ಆ ಕಂಡಿಯನ್ನೂ ಸೇರಿಸಿ ಮುಚ್ಚಿಬಿಡುವ ಕೆಲಸಗಾರರು ಮಾತ್ರ ಎಲ್ಲ ಕಡೆಯೂ ಇರುತ್ತಾರೆ.