ಮಾಡದ ಕರ್ಮದ ಫಲ

ಕರ್ಮಸಿದ್ಧಾಂತವನ್ನು ಸಮರ್ಥಿಸಿದ ಭಾರತೀಯ ದಾರ್ಶನಿಕರು ಎದುರಾಳಿಯ ವಾದದಲ್ಲಿ ಎತ್ತಿ ತೋರಿಸುತ್ತಿದ್ದ ದೋಷಗಳಲ್ಲಿ ‘ಅಕೃತಾಭ್ಯಾಗಮ’ವೂ ಒಂದು; ಮಾಡದೆ ಇರುವ ಕರ್ಮದ ಫಲವು ಒಬ್ಬನ ಪಾಲಿಗೆ ಬಂದೊದಗುವುದೆಂದು ಅದರ ಅರ್ಥ. ತರ್ಕವು ಹೀಗೆ ತಳ್ಳಿಹಾಕಿದ ಸಂಗತಿಯು ಗಂಗಾ, ಬ್ರಹ್ಮಪುತ್ರಾ, ಮೇಘನಾ ನದಿಗಳ ಮುಖಜಭೂಮಿಯ, ಎಂದರೆ ನದಿಗಳು ಕಡಲು ಸೇರುವಲ್ಲಿ ಮೆಕ್ಕಲು ಮಣ್ಣಿನಿಂದ ಕಟ್ಟಿದ ನೆಲದ, ಅಂಚಿನಲ್ಲಿರುವ ಸುಂದರಬನದಲ್ಲಿ ಕಣ್ಣೆದುರೇ ನಡೆಯುತ್ತಿದೆ. 2009ರ ಮೇ ತಿಂಗಳಲ್ಲಿ ಐಲಾ, 2020ರ ಮೇ ತಿಂಗಳಲ್ಲಿ ಅಂಫಾನ್ ಚಂಡಮಾರುತಗಳು ಮಣ್ಣಿನ ಒಡ್ಡುಗಳನ್ನು ಒಡೆದು ಗದ್ದೆಗಳಿಗೆ ಉಪ್ಪುನೀರು ನುಗ್ಗಿಸಿದಾಗ, ಮಳೆಗಾಲದ ಭತ್ತವನ್ನೇ ನಂಬಿದ್ದ ಅನೇಕ ಕುಟುಂಬಗಳು ಉಪ್ಪು ತೊಳೆದುಹೋಗುವವರೆಗೆ ಕಾಯಲಾರದೆ ಗಂಡಸರನ್ನು ಕೇರಳ, ತಮಿಳುನಾಡುಗಳ ಕೂಲಿಗೆ ಕಳುಹಿಸಿದವು.

ಎಲ್ಲವನ್ನೂ ದೂರದವರ ಹೊಗೆಯಿಂದ ಬದಲಾಗುತ್ತಿರುವ ಹವಾಮಾನದ ಖಾತೆಗೆ ಬರೆಯುವುದೂ ಸರಿಯಲ್ಲ. ಕಾಡು ಕಡಿದು ಒಡ್ಡು ಕಟ್ಟಿದ ವಸಾಹತು ಕಾಲದಿಂದಲೂ ಉಬ್ಬರದ ನೀರು ತರುವ ಹೂಳು ಗದ್ದೆಗೆ ಸೇರದೆ ಹೊರಗೇ ಉಳಿದದ್ದರಿಂದ, ನೆಲವು ಉಬ್ಬರದ ಮಟ್ಟಕ್ಕಿಂತ ತಗ್ಗಾಯಿತು; ಇನ್ನು ಸಿಗಡಿ ಸಾಕಣೆಗೆಂದು ಒಬ್ಬನು ಒಳಗೆ ಬಿಟ್ಟುಕೊಂಡ ಉಪ್ಪುನೀರು ನೆರೆಯವನ ಗದ್ದೆಯನ್ನೂ ಕೆಡಿಸುತ್ತದೆ. ಇಂಥ ತಪ್ಪನ್ನು ಗುರುತಿಸಲು ಆ ನಾಡಿಗೆ ತನ್ನದೇ ಧರ್ಮವಿದೆ. ಹಿಂದೂಗಳೂ ಮುಸಲ್ಮಾನರೂ ನಡೆದುಕೊಳ್ಳುವ ಕಾಡಿನ ಒಡತಿ ಬನಬೀಬಿಯ ಕಥೆಯಲ್ಲಿ, ಧೊನಾ ಎಂಬ ವರ್ತಕನು ಜೇನು ಮತ್ತು ಮೇಣದ ಆಸೆಗೆ ದುಖೆ ಎಂಬ ಬಡ ಹುಡುಗನನ್ನು ಹುಲಿರೂಪದ ದಕ್ಷಿಣರಾಯನಿಗೆ ಒಪ್ಪಿಸಿ ಹೋಗುತ್ತಾನೆ, ದೇವಿಯು ಹುಡುಗನನ್ನು ಕಾಯುತ್ತಾಳೆ. ಅಗತ್ಯಕ್ಕಿಂತ ಹೆಚ್ಚು ತೆಗೆಯಬಾರದೆಂಬ ಅವಳ ಕಟ್ಟಳೆ ಕಾಡಿಗೆ ಕಾಲಿಡುವವನಿಗೆ ಅನ್ವಯಿಸುತ್ತದೆ. ಎಂದೂ ಅಲ್ಲಿಗೆ ಬಾರದೆ ದೂರದಲ್ಲಿ ಕಲ್ಲಿದ್ದಲು ಸುಡುವ ಧೊನಾನನ್ನು ಅದು ಮುಟ್ಟಲಾರದು.

ಆದುದರಿಂದ ಕರ್ಮಕ್ಕಿಂತ ಋಣದ ಪರಿಕಲ್ಪನೆಯೇ ಇಲ್ಲಿ ಹೆಚ್ಚು ಉಪಯುಕ್ತ. ಇದೇ ಮುಖಜಭೂಮಿಯ ಸಾಗರದ್ವೀಪದಲ್ಲಿ ಕಪಿಲಮುನಿಯ ಗುಡಿಯಿದೆ, ಹಿಂದಿನ ಗುಡಿಗಳನ್ನು ಕಡಲು ನುಂಗಿದೆ. ಪುರಾಣದಲ್ಲಿ, ಕಪಿಲನ ಕೋಪಕ್ಕೆ ಬೂದಿಯಾದ ಸಗರ ರಾಜನ 60,000 ಮಕ್ಕಳ ಸದ್ಗತಿಗಾಗಿ ಅಂಶುಮಂತ, ದಿಲೀಪ, ಭಗೀರಥರು ತಲೆಮಾರುಗಳ ಕಾಲ ತಪಸ್ಸು ಮಾಡಿದರು. ತಪ್ಪು ತನ್ನದಲ್ಲವೆಂದು ಭಗೀರಥ ಹಿಂಜರಿಯಲಿಲ್ಲ, ವಂಶದ ಬಾಕಿ ತನ್ನದೆಂದು ಒಪ್ಪಿದ. ಆದರೆ ಇಂದು ಒಡ್ಡಿಗೆ ಮಣ್ಣು ಹೊರುತ್ತಿರುವವರು ಸಗರನ ವಂಶದವರಲ್ಲ, ಬೇರೆಯವರ ಪೂರ್ವಜರ ಬಾಕಿ ತೀರಿಸುತ್ತಿರುವವರು.

ನಿಜವಾದ ಬಾಕಿದಾರರ ನಿಲುವು ಲಿಖಿತವಾಗಿಯೇ ಇದೆ. ಹವಾಮಾನದಿಂದಾಗುವ ನಷ್ಟ ಮತ್ತು ಹಾನಿಯ ಕುರಿತ ಪ್ಯಾರಿಸ್ ಒಪ್ಪಂದದ ವಿಧಿಯು ಹೊಣೆಗಾರಿಕೆಗಾಗಲಿ ಪರಿಹಾರಕ್ಕಾಗಲಿ ಆಧಾರವಾಗದೆಂದು ಆ ಒಪ್ಪಂದವನ್ನು ಅಂಗೀಕರಿಸಿದ 2015ರ ನಿರ್ಣಯವೇ ಸ್ಪಷ್ಟಪಡಿಸಿತು. 2022ರಲ್ಲಿ ಈಜಿಪ್ಟಿನ ಹವಾಮಾನ ಸಮ್ಮೇಳನದಲ್ಲಿ ಈ ನಷ್ಟಕ್ಕೆಂದು ಒಪ್ಪಿಕೊಂಡ ನಿಧಿಗೂ ದೇಶಗಳು ಹಣ ಕೊಡುವುದು ಸ್ವಇಚ್ಛೆಯಿಂದಲೇ. ಮಾಡಿದ ಕರ್ಮವು ಕರ್ತೃವಿಗೆ ಫಲ ಕೊಡದೆ ಅಳಿಯುವುದನ್ನು ದಾರ್ಶನಿಕರು ‘ಕೃತನಾಶ’ವೆಂದು ಕರೆದು ಅಸಾಧ್ಯವೆಂದರು, ಅದನ್ನು ರಾಷ್ಟ್ರಗಳು ಒಮ್ಮತದಿಂದ ಅಂಗೀಕರಿಸಿವೆ.