ದಿನ ತುಂಬಿದ ಗರ್ಭ ಮತ್ತು ಅಹಿಂಸೆ

ದಿನ ತುಂಬಿದರೂ ನೋವು ಕಾಣದ ಗರ್ಭಿಣಿಗೆ ಔಷಧಿಯಿಂದ ಹೆರಿಗೆ ಬರಿಸೋಣವೆಂದು ವೈದ್ಯರು ಹೇಳಿದಾಗ, ಜನ್ಮವು ಕರ್ಮಾಧೀನ, ನಾವೇಕೆ ಕೈಹಾಕಬೇಕೆಂದು ಹಿರಿಯರು ಹಿಂಜರಿಯುವುದುಂಟು. ಆದರೆ ಸುಮ್ಮನಿರುವುದೆಲ್ಲ ಅಹಿಂಸೆಯಲ್ಲ. ತತ್ತ್ವಾರ್ಥಸೂತ್ರದಲ್ಲಿ ಉಮಾಸ್ವಾಮಿ ಆಚಾರ್ಯರು ಹಿಂಸೆಯ ಮೂಲವನ್ನು ಕಂಡದ್ದು ಪ್ರಮಾದದಲ್ಲಿ, ಅಂದರೆ ಎಚ್ಚರಗೇಡಿತನದಲ್ಲಿ. 40 ವಾರ ಮೀರಿದ ಬಳಿಕ ಮಾಸು ಸೊರಗಬಹುದು. ಶಿಶು ಗರ್ಭದಲ್ಲಿಯೇ ಅಳಿಯುವ ಸಂಭವವು, ಅಲ್ಪವೇ ಆದರೂ, ದಿನ ಕಳೆದಂತೆ ಏರುತ್ತದೆ. 41 ವಾರ ತುಂಬಿರುವುದು ಖಚಿತವಿದ್ದಲ್ಲಿ ಹೆರಿಗೆ ಬರಿಸುವಂತೆ ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಶಿಫಾರಸು ಮಾಡಿದ್ದು ಇದಕ್ಕಾಗಿಯೇ. ಇದನ್ನರಿತೂ ನಿಶ್ಚಿಂತರಾಗಿ ಕೂರುವುದು ಪ್ರಮಾದವಲ್ಲವೇ? ಶುಭನಕ್ಷತ್ರಕ್ಕಾಗಿ ಅವಸರಿಸುವುದು ಬೇರೆಯೇ ಮಾತು. ಆಗ ಅದೇ ಹಿರಿಯರಿಗೆ ಕರ್ಮದ ನೆನಪಿರುವುದಿಲ್ಲ! ಇನ್ನು, ಆಕ್ಸಿಟೋಸಿನ್ ಬರಿಸುವ ನೋವನ್ನು ತಾಳಬೇಕಾದವಳು ತಾಯಿ. ಮೊದಲು ಕೇಳಬೇಕಾದುದು ಅವಳನ್ನು. ಅವಳು ಇನ್ನೆರಡು ದಿನ ಬಯಸಿದರೆ, ವೈದ್ಯರ ಕಣ್ಗಾವಲಿನಲ್ಲಿ ಶಿಶುವಿನ ಹೃದಯಬಡಿತವನ್ನು ಪರೀಕ್ಷಿಸುತ್ತ ಕಾಯುವುದೂ ಎಚ್ಚರವೇ.