ನೋಡಿದವರ ಋಣ

ಆಫ್ರಿಕಾದ ಬೋಟ್ಸ್ವಾನಾ ದೇಶದಲ್ಲಿ ಚೋಬೆ ಎಂಬ ಹೊಳೆ. ಜಿಂಬಾಬ್ವೆಯ ವಿಕ್ಟೋರಿಯಾ ಜಲಪಾತಕ್ಕೆ ಬಂದವರು ಒಂದು ದಿನದ ಮಟ್ಟಿಗೆ ಇಲ್ಲಿಗೂ ಬರುತ್ತಾರೆ. ಬೆಳಿಗ್ಗೆ ದೋಣಿಯಲ್ಲಿ ಕೂತು ನೀರಾನೆ, ಮೊಸಳೆ. ಊಟವಾದ ಮೇಲೆ ತೆರೆದ ಜೀಪಿನಲ್ಲಿ ಕಾಡು. ಆನೆ ಹಿಂಡು ಹೊಳೆ ಈಜುವುದು ಕಂಡರೆ ಕೊಟ್ಟ ದುಡ್ಡು ಸಾರ್ಥಕ. ಸಂಜೆಗೆ ವಾಪಸ್.

ಆ ದೇಶದಲ್ಲಿ ಸುಮಾರು 1,30,000 ಆನೆಗಳಿವೆ. 2014ರಲ್ಲಿ ನಿಲ್ಲಿಸಿದ್ದ ಬೇಟೆಗೆ ಸರ್ಕಾರ 2019ರಲ್ಲಿ ಮತ್ತೆ ಅವಕಾಶ ಕೊಟ್ಟಿತು. ರೈತರ ಬೆಳೆನಷ್ಟವೂ ಒಂದು ಕಾರಣ. 2024ರಲ್ಲಿ ಜರ್ಮನಿಯವರು ಬೇಟೆಯ ದಂತ, ಚರ್ಮ ತರುವುದನ್ನು ಬಿಗಿ ಮಾಡಲು ಹೊರಟರು. ಆಗ ಅಲ್ಲಿನ ಅಧ್ಯಕ್ಷ ಮಾಸಿಸಿ, ನಿಮಗೇ 20,000 ಆನೆ ಕಳಿಸುತ್ತೇವೆ, ಅವುಗಳ ಜೊತೆ ಬಾಳಿ ನೋಡಿ ಅಂದರು.

ನಮ್ಮ ತಾಳವಾಡಿ ಕಡೆ ರಾಗಿ ಹೊಲ ಕಾಯುತ್ತಾ ರಾತ್ರಿಯೆಲ್ಲಾ ಕೂತವರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಿಲ್ಲ.

ಬೇಟೆ ಸರಿ ಅಂತ ನಾನು ಹೇಳುತ್ತಿಲ್ಲ. ಆನೆ ನೋಡಿ ಹಿಗ್ಗುವುದೂ ತಪ್ಪಲ್ಲ. ಆದರೆ ನೋಡುವ ಸುಖ ಒಬ್ಬರಿಗೆ, ನಿದ್ದೆಗೆಡುವ ಪಾಡು ಇನ್ನೊಬ್ಬರಿಗೆ ಅಂದರೆ ನ್ಯಾಯ ಎಲ್ಲಿ? ಟಿಕೆಟು ಕೊಂಡ ಮಾತ್ರಕ್ಕೆ ಋಣ ಹರಿಯುವುದಿಲ್ಲ. ಆನೆ ಉಳಿಯಲಿ ಎನ್ನುವ ಬಾಯಿ, ಅದು ತಿಂದ ಬೆಳೆಯ ನಷ್ಟದಲ್ಲಿ ನನ್ನ ಪಾಲೆಷ್ಟು ಅಂತಲೂ ಕೇಳಬೇಕು.